ಆಫೀಸಿನವರೊಬ್ಬರು ಬಿಗ್‌ಫೂಟ್ ನೋಡಿದ್ದಾರಂತೆ. ನಾನು ನಕ್ಕಿದ್ದು ತಪ್ಪಾ?

ರೆಂಟನ್ ರಾಘು:
ನಾನಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕ. ಈ ಕಡೆ ಬಿಗ್‌ಫೂಟ್ ಹುಚ್ಚು ಜಾಸ್ತಿ. ಕಾಡಿನಲ್ಲಿ ಎರಡು ಕಾಲಿನ ಮೇಲೆ ಓಡಾಡುತ್ತದೆ ಅಂತ ಜನ ಹೇಳುವ ದೊಡ್ಡ ವಾನರ ಅದು. ಕಾಫಿ ಲೋಟ, ಟೀ ಶರ್ಟ್, ಕಾರಿನ ಹಿಂದಿನ ಸ್ಟಿಕ್ಕರ್, ಎಲ್ಲದರ ಮೇಲೂ ಆ ಮೈತುಂಬ ಕೂದಲಿನ ದೈತ್ಯ. ಇಷ್ಟು ದಿನ ತಮಾಷೆ ಅಂದುಕೊಂಡಿದ್ದೆ. ಈಗ ನೋಡಿದರೆ ನಮ್ಮ ಟೀಮಿನ ಹಿರಿಯರೊಬ್ಬರು ತಾವೇ ಕಣ್ಣಾರೆ ನೋಡಿದೆ ಅನ್ನುತ್ತಿದ್ದಾರೆ.

ಮನುಷ್ಯ ಸುಳ್ಳುಗಾರ ಅಲ್ಲ, ಕುಡಿಯುವುದೂ ಇಲ್ಲ. ನಾನು ಬರೆದ ನಾಲ್ಕು ಸಾಲು ಕೋಡಿಗೂ "ಟೆಸ್ಟ್ ಎಲ್ಲಿ, ಲಾಗ್ ಎಲ್ಲಿ" ಅಂತ ಜೀವ ತಿನ್ನುವವರು. ಅವರು ಹೇಳಿದ್ದು ಇಷ್ಟು. ಗಿಫರ್ಡ್ ಪಿಂಚೊ ಕಾಡಿನಲ್ಲಿ ಕ್ಯಾಂಪಿಂಗ್. ನಸುಕಿನಲ್ಲಿ ಎದ್ದು ಟೆಂಟಿನಿಂದ ಹೊರಗೆ ಬಂದರು. ಮಂಜು. ಇಪ್ಪತ್ತು ಮಾರು ದೂರದಲ್ಲಿ ಎಂಟು ಅಡಿ ಎತ್ತರದ ಕಪ್ಪು ಆಕೃತಿ. ಗಬ್ಬು ವಾಸನೆ. ಅದು ಇವರನ್ನೇ ನೋಡಿತಂತೆ, ಕಣ್ಣಿನಲ್ಲಿ ದುಃಖ ಇತ್ತಂತೆ. ಫೋನಿನಲ್ಲಿ 3 ಪರ್ಸೆಂಟ್ ಚಾರ್ಜ್. ಒಂದೇ ಒಂದು ಫೋಟೊ ತೆಗೆದಿದ್ದಾರೆ, ಆದರೆ "ಸರಿಯಾಗಿ ಬಂದಿಲ್ಲ" ಅಂತ ಯಾರಿಗೂ ತೋರಿಸುವುದಿಲ್ಲ.

ಊಟದ ಹೊತ್ತಿನಲ್ಲಿ ಎಲ್ಲರೂ ಗಂಭೀರವಾಗಿ ತಲೆ ಆಡಿಸಿದರು. ನಾನೊಬ್ಬ ಕಿಸಕ್ಕನೆ ನಕ್ಕುಬಿಟ್ಟೆ. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಇಂಥವರಿಗೆ ಏನು ಹೇಳಬೇಕು? ಮತ್ತೆ, ನಿಜವಾಗಿ ಒಂದು ಪರ್ಸೆಂಟಾದರೂ ಸಾಧ್ಯತೆ ಇದೆಯಾ?

ಬಸವನಗುಡಿ ಬಾಯ್:
3 ಪರ್ಸೆಂಟ್! ಯಾವಾಗಲೂ 3 ಪರ್ಸೆಂಟೇ. ಫುಲ್ ಚಾರ್ಜ್ ಇದ್ದವರಿಗೆ ಇವತ್ತಿನವರೆಗೆ ಒಂದು ಬಿಗ್‌ಫೂಟೂ ಸಿಕ್ಕಿಲ್ಲ ಗುರು.

ಗಂಡಸಿ ಗಣಪ:
ನಸುಕು, ಮಂಜು, ಇಪ್ಪತ್ತು ಮಾರು ದೂರ. ಅಷ್ಟರಲ್ಲೂ ಕಣ್ಣಿನ ದುಃಖ ಕಾಣಿಸಿತಾ? ನನಗೆ ಕನ್ನಡಕ ಹಾಕಿಕೊಂಡು ಎದುರಿಗೆ ಕೂತರೂ ನಮ್ಮ ಮನೆಯವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಶಿರಸಿ ಮಾಣಿ:
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ತಲೆ ಆಡಿಸಿದ ಉಳಿದವರದ್ದು ಆ ಕಥೆ. ನೀವು ನಕ್ಕಿದ್ದರಲ್ಲಿ ತಪ್ಪಿಲ್ಲ ಮಾರಾಯ್ರೇ.

ಹಳೇ ಪೇಪರ್:
ಈ ಹೆಸರು ಹುಟ್ಟಿದ ಕಥೆ ಗೊತ್ತಿದ್ದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ. 1958. ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಅನ್ನುವ ಕಡೆ ಕಾಡಿನೊಳಗೆ ರಸ್ತೆ ಮಾಡುತ್ತಿದ್ದರು. ಜೆರ್ರಿ ಕ್ರೂ ಅಂತ ಬುಲ್ಡೋಜರ್ ಓಡಿಸುವವರು. ಅವರಿಗೆ ಗಾಡಿಯ ಸುತ್ತ ದೊಡ್ಡ ದೊಡ್ಡ ಹೆಜ್ಜೆ ಗುರುತು ಕಂಡವು. ಪ್ಲಾಸ್ಟರ್ ಅಚ್ಚು ತೆಗೆದರು. ಹಂಬೋಲ್ಟ್ ಟೈಮ್ಸ್ ಅನ್ನುವ ಊರಿನ ಪತ್ರಿಕೆ ಸುದ್ದಿ ಮಾಡಿತು, "ಬಿಗ್‌ಫೂಟ್" ಅನ್ನುವ ಹೆಸರು ದೇಶವೆಲ್ಲ ಓಡಾಡಿತು.

ಆ ರಸ್ತೆಯ ಗುತ್ತಿಗೆದಾರ ರೇ ವಾಲೇಸ್. ಮಹಾ ಕುಚೇಷ್ಟೆಯ ಆಸಾಮಿ. 2002ರಲ್ಲಿ ಅವರು ತೀರಿಕೊಂಡ ಮೇಲೆ ಮನೆಯವರು ಒಂದು ಜೊತೆ ಮರದ ಪಾದ ಹೊರಗೆ ತೆಗೆದು ತೋರಿಸಿದರು. ಕೆತ್ತಿಸಿ ಇಟ್ಟುಕೊಂಡಿದ್ದು. ಬೂಟಿನ ಕೆಳಗೆ ಕಟ್ಟಿಕೊಂಡು ಮಣ್ಣಿನಲ್ಲಿ ನಡೆದುಬಿಟ್ಟರೆ ಆಯಿತು. ನಲವತ್ತನಾಲ್ಕು ವರ್ಷ ಆಗಿತ್ತು ಅಷ್ಟರಲ್ಲಿ.

ತೆರೆದ ಮನಸ್ಸು:
ಆ ಮರದ ಪಾದ ಎಲ್ಲ ಅಚ್ಚಿಗೂ ಹೊಂದುವುದಿಲ್ಲ, ಅದನ್ನೂ ಹೇಳಿ. ಒಬ್ಬ ಮೋಸ ಮಾಡಿದ ಅಂತ ಎಲ್ಲರೂ ಮೋಸಗಾರರಾ? ಮಾರುಕಟ್ಟೆಗೆ ಖೋಟಾ ನೋಟು ಬರುತ್ತದೆ ಅಂದರೆ ಅಸಲಿ ನೋಟು ಇಲ್ಲ ಅಂತಾನಾ?

ಹಳೇ ಪೇಪರ್:
ಅಸಲಿ ನೋಟು ನನ್ನ ಜೇಬಿನಲ್ಲಿದೆ ಸಾರ್, ತೆಗೆದು ತೋರಿಸುತ್ತೇನೆ. ನೀವು ಅಸಲಿ ಪಾದ ತೋರಿಸಿ.

ಬಸವನಗುಡಿ ಬಾಯ್:
ಮುಗೀತು 😂

ತೆರೆದ ಮನಸ್ಸು:
1967ರ ಫಿಲಂ ಇದೆಯಲ್ಲ? ಅಕ್ಟೋಬರ್ 20, ಪ್ಯಾಟರ್ಸನ್ ಮತ್ತು ಗಿಮ್ಲಿನ್ ತೆಗೆದಿದ್ದು. ಹೆಣ್ಣು ಪ್ರಾಣಿ, ನಡೆಯುತ್ತಾ ತಿರುಗಿ ನೋಡುತ್ತದೆ. ಅಷ್ಟು ವರ್ಷದ ಹಿಂದೆ ಅಂಥ ವೇಷ ಹೊಲಿಯುವುದು ಸಾಧ್ಯವೇ ಇರಲಿಲ್ಲ ಅಂತ ಬಲ್ಲವರು ಹೇಳುತ್ತಾರೆ. ಗಿಮ್ಲಿನ್ ಯಾವತ್ತೂ ಮಾತು ಬದಲಿಸಿಲ್ಲ.

ಹಳೇ ಪೇಪರ್:
ಎಲ್ಲಿ ತೆಗೆದಿದ್ದು? ಅದೇ ಬ್ಲಫ್ ಕ್ರೀಕ್. ಪ್ಯಾಟರ್ಸನ್ ಕಾಡಿಗೆ ಹೋಗಿದ್ದು ಯಾಕೆ? ಬಿಗ್‌ಫೂಟ್ ಬಗ್ಗೆಯೇ ಸಿನಿಮಾ ಮಾಡಲಿಕ್ಕೆ. ಕ್ಯಾಮೆರಾ ಬಾಡಿಗೆಯದು, ಹೊತ್ತಿಗೆ ವಾಪಸ್ ಕೊಡದೆ ವಾರಂಟ್ ಬೇರೆ ಆಗಿತ್ತು. ಸೆಕೆಂಡಿಗೆ ಎಷ್ಟು ಫ್ರೇಮ್ ಇಟ್ಟು ತೆಗೆದರು ಅಂತ ಅವರಿಗೇ ನೆನಪಿರಲಿಲ್ಲ. ಅದು ಗೊತ್ತಿಲ್ಲದೆ ನಡಿಗೆ ಮನುಷ್ಯನದೋ ಅಲ್ಲವೋ ಅಂತ ಲೆಕ್ಕ ಹಾಕುವುದು ಹೇಗೆ? ಬಾಬ್ ಹೈರೊನಿಮಸ್ ಅನ್ನುವವರು ಆ ವೇಷ ಹಾಕಿದ್ದು ನಾನೇ ಅಂತಲೂ ಹೇಳಿದ್ದಾರೆ. ಸರಿ, ಅವರ ಮಾತಿಗೂ ವೇಷದ ಸಾಕ್ಷಿ ಇಲ್ಲ, ಅದನ್ನು ಒಪ್ಪುತ್ತೇನೆ.

ನನ್ನ ತಕರಾರು ಬೇರೆ. ಒಂದು ನಿಮಿಷದಷ್ಟು ಫಿಲಂ 1967ರಲ್ಲಿ ಸಿಕ್ಕಿತು. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಅದಕ್ಕಿಂತ ಒಳ್ಳೆಯದು ಒಂದೂ ಬರಲಿಲ್ಲ. ಇದು ಉಲ್ಟಾ ಆಗಬೇಕಿತ್ತು ಅಲ್ವಾ?

ಹಾಸನದ ಹುಲಿಗಣತಿ:
ಇದಕ್ಕೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನಾಗರಹೊಳೆಯಲ್ಲಿ ಗಣತಿಗೆ ಸ್ವಯಂಸೇವಕನಾಗಿ ಹೋಗಿದ್ದೆ. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಗೆರೆ ಹಿಡಿದು ನಡೆದೆವು. ಹುಲಿ ಕಂಡಿದ್ದು ಒಂದೇ ಸಲ, ಅದೂ ಬಾಲ. ಆದರೆ ಹುಲಿ ಇದೆ ಅನ್ನಲಿಕ್ಕೆ ಹುಲಿಯನ್ನೇ ನೋಡಬೇಕಿಲ್ಲ. ಹೆಜ್ಜೆ, ಮಲ, ಮರದ ಮೇಲೆ ಉಗುರಿನ ಗೀರು, ತಿಂದು ಬಿಟ್ಟ ಕಡವೆಯ ಮೂಳೆ. ದಿನಾ ಸಿಗುತ್ತಿತ್ತು. ಮಲ ಒಣಗಿಸಿ ನೋಡಿದರೆ ಯಾವ ಪ್ರಾಣಿಯ ಕೂದಲು ಅಂತಲೂ ತಿಳಿಯುತ್ತದೆ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಇಟ್ಟು ಒಂದೊಂದು ಹುಲಿಯನ್ನೂ ಪಟ್ಟೆಯಿಂದ ಗುರುತು ಹಿಡಿಯಲು ಶುರು ಮಾಡಿದ್ದು 1990ರ ದಶಕದ ಆರಂಭದಲ್ಲಿ. ಆಗ ರೀಲ್ ಹಾಕುವ ಕ್ಯಾಮೆರಾ.

ಈಗ ಕಬಿನಿಯ ಕರಿಚಿರತೆ ನೋಡಿ. ಇಡೀ ಕಾಡಿನಲ್ಲಿ ಹೆಸರಾಗಿದ್ದು ಒಂದೇ ಗಂಡು. ಕಪ್ಪು ಬಣ್ಣ, ನೆರಳಿನಲ್ಲೇ ಓಡಾಟ. ಆದರೂ ಅದರ ಫೋಟೊ ಸಾವಿರಗಟ್ಟಲೆ ಇವೆ. ಮೀಸೆಯ ಕೂದಲು ಎಣಿಸಬಹುದು, ಅಷ್ಟು ಚೊಕ್ಕ. ಅಮೆರಿಕದಲ್ಲೂ ಇದೇ. ವೊಲ್ವರೀನ್ ಅಂತ ನಾಯಿ ಗಾತ್ರದ ಪ್ರಾಣಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 1920ರ ದಶಕದಿಂದ ಅದರ ಸುಳಿವೇ ಇರಲಿಲ್ಲ. 2008ರಲ್ಲಿ ಒಬ್ಬ ವಿದ್ಯಾರ್ಥಿನಿ ಬೇರೆ ಯಾವುದೋ ಪ್ರಾಣಿಗೆ ಅಂತ ಇಟ್ಟ ಕ್ಯಾಮೆರಾಕ್ಕೆ ಅದು ಬಂದು ಸಿಕ್ಕಿಬಿದ್ದಿತು. ದಾರಿ ತಪ್ಪಿ ಬಂದ ಒಂದು ಪ್ರಾಣಿಯೇ ಸಿಗುತ್ತದೆ ಅಂದಮೇಲೆ ಎಂಟು ಅಡಿಯ ಸಂಸಾರವಂದಿಗ ಸಿಗುವುದಿಲ್ಲವಾ?

ಸಂಸಾರ ಅಂದಿದ್ದು ಸುಮ್ನೆ ಅಲ್ಲ. ಪ್ರಾಣಿ ಒಂಟಿಯಾಗಿ ನೂರಾರು ವರ್ಷ ಬದುಕುವುದಿಲ್ಲ. ಗಂಡು, ಹೆಣ್ಣು, ಮರಿ, ಮುದಿ ಎಲ್ಲ ಬೇಕು. ಅಷ್ಟೂ ತಿನ್ನಬೇಕು, ಹೇಲಬೇಕು, ಸಾಯಬೇಕು.

ತೆರೆದ ಮನಸ್ಸು:
ಕಾಡಿನಲ್ಲಿ ಸತ್ತ ಕರಡಿ ಎಷ್ಟು ಜನ ನೋಡಿದ್ದೀರಿ? ಹೆಣ ಬೇಗ ಕರಗಿಹೋಗುತ್ತದೆ.

ಹಾಸನದ ಹುಲಿಗಣತಿ:
ಕಾಡಿನೊಳಗೆ ಬೇಡ, ರಸ್ತೆಗೆ ಬನ್ನಿ. ಕರಡಿ ಲಾರಿಗೆ ಸಿಗುತ್ತದೆ, ಆನೆ ರೈಲಿಗೆ ಸಿಗುತ್ತದೆ. ಅಮೆರಿಕದಲ್ಲಿ ಇರುವಷ್ಟು ಹೆದ್ದಾರಿ, ಇರುವಷ್ಟು ಬೇಟೆಗಾರರು. ಇದೊಂದು ಪ್ರಾಣಿ ಮಾತ್ರ ಎಡಕ್ಕೆ ಬಲಕ್ಕೆ ನೋಡಿಕೊಂಡೇ ರಸ್ತೆ ದಾಟುತ್ತದಾ?

ಗಂಡಸಿ ಗಣಪ:
ಹಾಗಿದ್ದರೆ ಅದನ್ನು ಹಿಡಿದು ತಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಟ್ರೇನಿಂಗ್ ಕೊಡಿಸಬೇಕು.

ಮಂಡ್ಯ ಮಂಜಣ್ಣ:
ಹೆದ್ದಾರಿ ಅಂದಿದ್ದಕ್ಕೆ ನೆನಪಾಯಿತು. 2012ರಲ್ಲಿ ಮೊಂಟಾನಾದಲ್ಲಿ ಒಬ್ಬ ಹುಲ್ಲು ಪೊದೆಯಂಥ ವೇಷ ಹಾಕಿಕೊಂಡು ರಾತ್ರಿ ಹೆದ್ದಾರಿಗೆ ಇಳಿದಿದ್ದ. ಬೇಟೆಗಾರರು ಹಾಕುತ್ತಾರಲ್ಲ, ಆ ಥರದ್ದು. ಜನ ಬಿಗ್‌ಫೂಟ್ ಅಂದುಕೊಳ್ಳಲಿ ಅಂತ. ಕಾರು ಗುದ್ದಿ ಪಾಪ ಸತ್ತೇ ಹೋದ. ಹೆದ್ದಾರಿಯಲ್ಲಿ ಸಿಕ್ಕಿದ ಒಂದೇ ಬಿಗ್‌ಫೂಟೂ ಮನುಷ್ಯನೇ.

ಪೋರ್ಟ್‌ಲ್ಯಾಂಡ್ ಪದ್ಮಾ:
ರಾಘು ಅವರೇ, ನಿಮ್ಮ ಸಹೋದ್ಯೋಗಿಯನ್ನು ಅಷ್ಟು ಬೇಗ ಹಾಸ್ಯ ಮಾಡಬೇಡಿ. ನನಗೂ ಹೀಗೇ ಆಗಿದೆ. ಮೌಂಟ್ ಹುಡ್ ಕಡೆ ಹೋಗಿದ್ದೆವು. ಸಂಜೆ ಪಾತ್ರೆ ತೊಳೆಯಲು ನೀರಿನ ಹತ್ತಿರ ಹೋದೆ. ಎದುರಿನ ಪೊದೆ ಹಿಂದೆ ಒಂದು ಎದ್ದು ನಿಂತಿತು. ಎರಡು ಕಾಲ ಮೇಲೆ, ಕೈ ಎರಡೂ ಜೋತುಬಿಟ್ಟುಕೊಂಡು, ಮನುಷ್ಯನ ಹಾಗೇ. ಬಾಯಿಂದ ಶಬ್ದ ಬರಲಿಲ್ಲ ನನಗೆ. ಆಮೇಲೆ ಅದು ನಾಲ್ಕು ಕಾಲಿಗೆ ಇಳಿಯಿತು. ಕರಡಿ. ಮೂಗು ಎತ್ತಿ ವಾಸನೆ ಹಿಡಿಯುತ್ತಿತ್ತು ಅಷ್ಟೆ. ಅದು ಇಳಿಯುವ ಮೊದಲೇ ನಾನು ಓಡಿಬಿಟ್ಟಿದ್ದರೆ? ಇವತ್ತು ನಾನೂ ಬಿಗ್‌ಫೂಟ್ ನೋಡಿದವಳೇ. ಪ್ರಮಾಣ ಮಾಡಿ ಹೇಳುತ್ತಿದ್ದೆ.

ಮನೆಗೆ ಬಂದು ಹುಡುಕಿದೆ. ನ್ಯೂಜೆರ್ಸಿಯಲ್ಲಿ ಒಂದು ಕರಡಿ ಇತ್ತು, ಪೆಡಲ್ಸ್ ಅಂತ ಜನ ಹೆಸರಿಟ್ಟಿದ್ದರು. ಮುಂಗಾಲು ಊನ. ಅದಕ್ಕೆ ಬೀದಿಯಲ್ಲಿ ಎರಡೇ ಕಾಲಿನಲ್ಲಿ ನಡೆದುಕೊಂಡು ಹೋಗುತ್ತಿತ್ತು, ಯಾರೋ ದೊಡ್ಡಪ್ಪ ಪೇಪರ್ ತರಲು ಹೊರಟ ಹಾಗೆ. 2014ರ ವಿಡಿಯೊ ಈಗಲೂ ಸಿಗುತ್ತದೆ, ನೋಡಿ. ಆ ನಡಿಗೆಯನ್ನು ಮಂಜಿನಲ್ಲಿ ನೋಡಿದರೆ ನಾನಂತೂ ಕರಡಿ ಅನ್ನುತ್ತಿರಲಿಲ್ಲ.

ಹಾಸನದ ಹುಲಿಗಣತಿ:
ಪದ್ಮಕ್ಕ ಹೇಳಿದ್ದು ನೂರಕ್ಕೆ ನೂರು. ಇನ್ನೆರಡು ಸೇರಿಸುತ್ತೇನೆ. ಕಜ್ಜಿ ಹತ್ತಿ ಕೂದಲು ಉದುರಿದ ಕರಡಿಯನ್ನು ನೋಡಿದ್ದೀರಾ? ಕೈಕಾಲು ಉದ್ದ ಕಾಣುತ್ತದೆ, ಥೇಟ್ ಮಂಗ. 2007ರಲ್ಲಿ ಪೆನ್ಸಿಲ್ವೇನಿಯಾದ ಒಂದು ಟ್ರ್ಯಾಪ್ ಫೋಟೊ ಮರಿ ಬಿಗ್‌ಫೂಟ್ ಅಂತ ಓಡಾಡಿತು. ಅಲ್ಲಿನ ವನ್ಯಜೀವಿ ಇಲಾಖೆಯವರು ಕಜ್ಜಿ ಕರಡಿ ಅಂದರು. ಇನ್ನೊಂದು, ಕರಡಿ ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧ ಬೀಳುತ್ತದೆ. ಎರಡೂ ಸೇರಿ ಒಂದೇ ಉದ್ದ ಪಾದ ಆಗುತ್ತದೆ. ಹಿಮದ ಮೇಲೆ ಬಿಸಿಲು ಬಿದ್ದರೆ ಕರಗಿ ಇನ್ನೂ ಅಗಲ.

ಕರಿಯ ಕರಡಿ ಜಾಸ್ತಿ ಇರುವ ರಾಜ್ಯಗಳಲ್ಲೇ ಬಿಗ್‌ಫೂಟ್ ವರದಿಯೂ ಜಾಸ್ತಿ ಅಂತ 2024ರಲ್ಲಿ ಒಂದು ಲೆಕ್ಕಾಚಾರವೂ ಬಂದಿದೆ.

ದಾವಣಗೆರೆ ದೋಸೆ:
ನಮ್ಮ ಸೈನ್ಯದವರು ಟ್ವೀಟ್ ಮಾಡಿದ್ದು ಮರೆತಿರಾ? 2019 ಏಪ್ರಿಲ್. ನೇಪಾಳದ ಮಕಾಲು ಬೇಸ್ ಕ್ಯಾಂಪ್ ಹತ್ತಿರ ಯೇತಿಯ (ಹಿಮಾಲಯದ ಬಿಗ್‌ಫೂಟ್ ಅನ್ನಿ) ಹೆಜ್ಜೆ, 32 ಇಂಚು ಉದ್ದ 15 ಇಂಚು ಅಗಲ ಅಂತ ಫೋಟೊ ಸಮೇತ. ನಾವು ಆಫೀಸಿನಲ್ಲಿ ಎರಡು ದಿನ ಅದೇ ಮಾತು.

ಶಿರಸಿ ಮಾಣಿ:
32 ಇಂಚು ಅಂದರೆ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಅಡಿ ಮಾರಾಯ. ನಮ್ಮನೆ ಅಡಿಕೆ ಅಂಗಳದಲ್ಲಿ ಅದು ನಾಲ್ಕು ಹೆಜ್ಜೆ ಇಟ್ಟರೆ ಅಂಗಳವೇ ಮುಗಿಯಿತು. ಕರಡಿ ಅಂತ ನೇಪಾಳದ ಸೈನ್ಯದವರೇ ಹೇಳಿದರಲ್ಲ ಆಮೇಲೆ.

ದಾವಣಗೆರೆ ದೋಸೆ:
ಒಂದೇ ಸಾಲಿನಲ್ಲಿ ಹೆಜ್ಜೆ ಇತ್ತು ಆ ಫೋಟೊದಲ್ಲಿ. ಯೇತಿಗೆ ಒಂದೇ ಕಾಲಾ ಅಂತ ನಮ್ಮ ಮ್ಯಾನೇಜರ್ ಕೇಳಿದ್ದರು.

ಲ್ಯಾಬ್ ಲಲಿತಾ:
ಕೂದಲಿನ ಕಥೆ ಯಾರೂ ಹೇಳಲಿಲ್ಲವಾ? 1976ರಲ್ಲಿ ಪೀಟರ್ ಬರ್ನ್ ಅನ್ನುವ ಬಿಗ್‌ಫೂಟ್ ಬೇಟೆಗಾರರು ಚೂರು ಚರ್ಮದ ಜೊತೆ ಹದಿನೈದು ಕೂದಲನ್ನು ಎಫ್‌ಬಿಐಗೆ ಕಳಿಸಿದರು. ಅವರು ಪಾಪ ಪರೀಕ್ಷೆ ಮಾಡಿ 1977ರಲ್ಲಿ ಉತ್ತರ ಬರೆದರು: ಜಿಂಕೆ ಜಾತಿಯದು. ಆ ಫೈಲ್ ಜನರ ಕೈಗೆ ಸಿಕ್ಕಿದ್ದು 2019ರಲ್ಲಿ.

ಆಮೇಲೆ ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್. ಯಾರ ಹತ್ತಿರ ಯೇತಿ, ಬಿಗ್‌ಫೂಟ್ ಕೂದಲಿದೆಯೋ ಎಲ್ಲ ಕಳಿಸಿ ಅಂದರು. 2014ರಲ್ಲಿ ಫಲಿತಾಂಶ. ಮೂವತ್ತು ಮಾದರಿಯಲ್ಲಿ ಡಿಎನ್ಎ ಸಿಕ್ಕಿತು. ಕರಡಿ, ಹಸು, ಕುದುರೆ, ಮುಳ್ಳುಹಂದಿ, ನಾಯಿ ಅಥವಾ ತೋಳ, ಒಂದು ಮನುಷ್ಯನದು. ಗೊತ್ತಿಲ್ಲದ ವಾನರ ಒಂದೂ ಇಲ್ಲ. ಲಡಾಖ್ ಮತ್ತು ಭೂತಾನಿನ ಎರಡು ಕೂದಲು ಮಾತ್ರ ಹಳೇ ಕಾಲದ ಹಿಮಕರಡಿಗೆ ಹೊಂದುತ್ತವೆ ಅಂದರು. ಬೇರೆಯವರು ಮತ್ತೆ ನೋಡಿ, ಇಲ್ಲ ಸ್ವಾಮಿ, ಹಿಮಾಲಯದ ಕಂದು ಕರಡಿ ಅಂದರು. ನನಗೆ ಇಷ್ಟವಾಗುವುದು ಇದೇ. ಅವರ ತಪ್ಪನ್ನೂ ಹಿಡಿದರು. 2017ರಲ್ಲಿ ಇನ್ನೊಂದು ತಂಡ ಯೇತಿಯದು ಅಂತ ಇಟ್ಟುಕೊಂಡಿದ್ದ ಒಂಬತ್ತು ಮಾದರಿ ನೋಡಿತು. ಎಂಟು ಕರಡಿ, ಒಂದು ನಾಯಿ.

ಬಸವನಗುಡಿ ಬಾಯ್:
ಆ ನಾಯಿಗೆ ಯೇತಿ ಅಂತ ಹೆಸರಿಟ್ಟಿರಬಹುದು.

ತೆರೆದ ಮನಸ್ಸು:
ನಗುವುದು ಸುಲಭ. ಪರ್ವತ ಗೊರಿಲ್ಲಾ ವಿಜ್ಞಾನಕ್ಕೆ ಗೊತ್ತಾಗಿದ್ದೇ 1902ರಲ್ಲಿ. ವಿಯೆಟ್ನಾಂ ಕಾಡಿನ ಸಾವೊಲಾ ಅನ್ನುವ ಜಿಂಕೆಯಂಥ ಪ್ರಾಣಿ 1992ರಲ್ಲಿ. ಅದಕ್ಕೂ ಹಿಂದಿನ ದಿನ ಕೇಳಿದ್ದರೆ ನೀವೆಲ್ಲ "ಇಲ್ಲ" ಅನ್ನುತ್ತಿದ್ದಿರಿ. ಜೈಗ್ಯಾಂಟೊಪಿತೆಕಸ್ ಅಂತ ದೈತ್ಯ ವಾನರ ಈ ಭೂಮಿ ಮೇಲೆ ಇದ್ದಿದ್ದು ಸುಳ್ಳಾ?

ಲ್ಯಾಬ್ ಲಲಿತಾ:
ಇತ್ತು. ದಕ್ಷಿಣ ಚೀನಾದ ಕಡೆ. ನಮಗೆ ಸಿಕ್ಕಿರುವುದು ಹಲ್ಲು ಮತ್ತು ದವಡೆ. ಮೊದಲ ಹಲ್ಲು 1935ರಲ್ಲಿ ಹಾಂಗ್‌ಕಾಂಗಿನ ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು, ಅದು ಬೇರೆಯೇ ಸ್ವಾರಸ್ಯ. ಎರಡು ಲಕ್ಷ ವರ್ಷದ ಹಿಂದೆಯೇ ಅಳಿದುಹೋಯಿತು. ಅಮೆರಿಕದಲ್ಲಿ ಅದರ ಒಂದು ಹಲ್ಲೂ ಸಿಕ್ಕಿಲ್ಲ. ಸಾವೊಲಾ ಸಿಕ್ಕಿದ್ದು ಹೇಗೆ? ಬೇಟೆಗಾರರ ಮನೆ ಗೋಡೆಯ ಮೇಲೆ ಕೊಂಬು ನೇತುಹಾಕಿದ್ದರು. ಬಿಗ್‌ಫೂಟಿನದು ಯಾರ ಮನೆ ಗೋಡೆ ಮೇಲಿದೆ?

ಮಂಡ್ಯ ಮಂಜಣ್ಣ:
ಗೋಡೆ ಮೇಲಿಲ್ಲ, ಫ್ರೀಜರಿನಲ್ಲಿತ್ತು! 2008 ಆಗಸ್ಟ್, ಜಾರ್ಜಿಯಾ. ಇಬ್ಬರು ಹೆಣ ಸಿಕ್ಕಿದೆ ಅಂದರು, ಅದರಲ್ಲಿ ಒಬ್ಬ ಪೊಲೀಸ್ ಬೇರೆ. ಮಂಜುಗಡ್ಡೆಯಲ್ಲಿ ಹಾಕಿ ಇಟ್ಟಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕಾಗೋಷ್ಠಿ ಬೇರೆ ಮಾಡಿದರು. ಗಡ್ಡೆ ಕರಗಿಸಿ ನೋಡಿದರೆ ಕಾಲು ರಬ್ಬರ್. ಗೊರಿಲ್ಲಾ ವೇಷ. ಕೊಟ್ಟ ಮಾದರಿಯ ಡಿಎನ್ಎಯಲ್ಲಿ ಒಂದು ಮನುಷ್ಯನದು, ಇನ್ನೊಂದು ಒಪಾಸಮ್ ಅಂತ ಹೆಗ್ಗಣದಂಥ ಪ್ರಾಣಿಯದು. ಕಿವಿಗೆ ಹೂ ಇಡಲು ಹೋಗಿ ಹೂವಿನ ಅಂಗಡಿಯನ್ನೇ ಇಟ್ಟರು.

ಚಾಮರಾಜಪೇಟೆ ಚಿಕ್ಕಮ್ಮ:
ನೀವೆಲ್ಲ ಅಮೆರಿಕದವರನ್ನು ಆಡಿಕೊಳ್ಳುತ್ತಿದ್ದೀರಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬಾಗಿಲ ಮೇಲೆ "ನಾಳೆ ಬಾ" ಬರೆದವರು ಯಾರು? ನಮ್ಮ ವಠಾರದಲ್ಲಿ ಏಳು ಮನೆ, ಏಳೂ ಬಾಗಿಲ ಮೇಲೆ ಸೀಮೆಸುಣ್ಣ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರೇ ಬರೆದಿದ್ದು, ಚೆಂದದ ಅಕ್ಷರದಲ್ಲಿ. ನಂಬುತ್ತೀರಾ ಅಂದರೆ "ನಂಬಲ್ಲ, ಬರೆದರೆ ಗಂಟೇನು ಹೋಗುತ್ತೆ" ಅಂದರು.

ಗಂಡಸಿ ಗಣಪ:
ಚಿಕ್ಕಮ್ಮ, ಬರೆದಮೇಲೆ ದೆವ್ವ ಬರಲಿಲ್ಲ ತಾನೇ? ಹಾಗಾದರೆ ಕೆಲಸ ಮಾಡಿದೆ ಅಂತಲೇ ಅರ್ಥ 😄

ದಾವಣಗೆರೆ ದೋಸೆ:
2001ರಲ್ಲಿ ದೆಹಲಿಯ ಮಂಗ ಮನುಷ್ಯ? ಒಬ್ಬರು ನಾಲ್ಕು ಅಡಿ ಅಂದರು, ಒಬ್ಬರು ಎಂಟು ಅಡಿ. ಹೆಲ್ಮೆಟ್ ಇತ್ತು ಅಂದವರೂ ಇದ್ದರು, ಕಬ್ಬಿಣದ ಉಗುರು ಅಂದವರೂ ಇದ್ದರು. ಮೇ ತಿಂಗಳ ಸೆಕೆ, ಕರೆಂಟ್ ಇಲ್ಲ, ಜನ ತಾರಸಿ ಮೇಲೆ ಮಲಗುತ್ತಿದ್ದರು. ಬಂತು ಬಂತು ಅಂದ ಗಾಬರಿಗೆ ಕೆಳಗೆ ಬಿದ್ದು ಸತ್ತವರೂ ಇದ್ದಾರೆ. ಪೊಲೀಸರಿಗೆ ಕೊನೆಗೂ ಯಾರೂ ಸಿಗಲಿಲ್ಲ.

ತೀರ್ಥಹಳ್ಳಿ ತಿಮ್ಮಣ್ಣ:
ನಮ್ಮಜ್ಜ ಗದ್ದೆ ಬಯಲಿನಲ್ಲಿ ಕೊಳ್ಳಿದೆವ್ವ ನೋಡಿದ್ದೆ ಅಂತ ಪ್ರತಿ ಮಳೆಗಾಲ ಹೇಳುತ್ತಿದ್ದರು. ಪ್ರತಿ ವರ್ಷ ಅದು ಒಂದು ಮೊಳ ಬೆಳೆಯುತ್ತಿತ್ತು. ಅಜ್ಜ ಹೋಗುವ ಹೊತ್ತಿಗೆ ತೆಂಗಿನ ಮರದಷ್ಟಾಗಿತ್ತು. ಎದುರು ಮನೆಯವರು ರಾತ್ರಿ ಸೂಡಿ ಹಿಡಿದು ಏಡಿ ಹಿಡಿಯಲು ಹೋಗುತ್ತಿದ್ದರು ಅಂತ ಅಜ್ಜಿ ಒಳಗಿನಿಂದ ಗೊಣಗುತ್ತಿದ್ದರು.

ವ್ಯಾಂಕೂವರ್ ವಸು:
ಸ್ವಲ್ಪ ತಿದ್ದುತ್ತೇನೆ. ಹೆಸರು 1958ರದ್ದು ಇರಬಹುದು, ಕಥೆ ಅಲ್ಲ. ಬಿಗ್‌ಫೂಟಿನ ಇನ್ನೊಂದು ಹೆಸರು "ಸಾಸ್ಕ್ವಾಚ್". ಆ ಪದ ಇಲ್ಲಿನ ಮೂಲನಿವಾಸಿಗಳ ಹಾಲ್ಕೊಮೆಲೆಮ್ ಭಾಷೆಯದು. 1920ರ ದಶಕದಲ್ಲಿ ಜೆ. ಡಬ್ಲ್ಯೂ. ಬರ್ನ್ಸ್ ಅನ್ನುವ ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಂದರು. ಅವರ ಕಥೆಯ ಸಾಸ್ಕ್ವಾಚ್ ಬೇರೆ, ಟಿವಿಯವರು ಹುಡುಕುವ ದೊಡ್ಡ ಕೋತಿ ಬೇರೆ. ನಮ್ಮೂರ ಭೂತಕ್ಕೆ ಯಾರಾದರೂ ಕ್ಯಾಮೆರಾ ಟ್ರ್ಯಾಪ್ ಇಟ್ಟರೆ ಹೇಗಿರುತ್ತದೆ? ಹಾಗೆ.

ಹಳೇ ಪೇಪರ್:
ಒಪ್ಪಿದೆ. ನಾನು ಹೆಸರಿನ ಬಗ್ಗೆ ಮಾತ್ರ ಹೇಳಿದ್ದು. ಟಿವಿ ಅಂದಿರಲ್ಲ, ಅದನ್ನು ಹುಡುಕುವ ಒಂದು ಕಾರ್ಯಕ್ರಮವೇ 2011ರಿಂದ 2018ರವರೆಗೆ ನಡೆಯಿತು. ಸಿಕ್ಕಿದ್ದು ಜಾಹೀರಾತು.

ಪೋರ್ಟ್‌ಲ್ಯಾಂಡ್ ಪದ್ಮಾ:
ರಾಘು ಅವರೇ, ಗಿಫರ್ಡ್ ಪಿಂಚೊ ಅಂದಿರಲ್ಲ, ಅದರ ದೊಡ್ಡ ಪಾಲು ಸ್ಕಮೇನಿಯಾ ಕೌಂಟಿಯಲ್ಲಿದೆ. ಅಲ್ಲಿ ಬಿಗ್‌ಫೂಟ್ ಕೊಲ್ಲುವುದು ಅಪರಾಧ ಅಂತ 1969ರಲ್ಲೇ ಕಾನೂನು ಮಾಡಿದ್ದಾರೆ. ಆಗ 10,000 ಡಾಲರ್ ದಂಡ, ಐದು ವರ್ಷ ಜೈಲು ಅಂತಿತ್ತು, 1984ರಲ್ಲಿ ಶಿಕ್ಷೆ ಇಳಿಸಿದರು. ಕಾನೂನು ಮಾಡಿದ ತಾರೀಕು ಏಪ್ರಿಲ್ 1. ಆದರೆ ತಮಾಷೆ ಅಷ್ಟೇ ಅಲ್ಲ. ಕೋವಿ ಹಿಡಿದು ಬಂದವರು ಗಡ್ಡ ಬಿಟ್ಟ ಮನುಷ್ಯರನ್ನೇ ಹೊಡೆದುಬಿಟ್ಟರೆ ಅನ್ನುವ ಹೆದರಿಕೆಯೂ ಇತ್ತು.

ಅದೇ ಕಾಡಿನಲ್ಲಿ 2024ರ ಡಿಸೆಂಬರಿನಲ್ಲಿ ಇಬ್ಬರು ಬಿಗ್‌ಫೂಟ್ ಹುಡುಕಲು ಹೋಗಿ ಚಳಿಗೆ ಸತ್ತರು. ನಮ್ಮ ಒರೆಗಾನಿನವರೇ. ಕ್ರಿಸ್‌ಮಸ್ ಹಿಂದಿನ ದಿನ ಹೊರಟಿದ್ದರಂತೆ. ಅದಾದ ಮೇಲೆ ಈ ವಿಷಯದಲ್ಲಿ ನನಗೆ ಮೊದಲಿನ ಹಾಗೆ ನಗು ಬರುವುದಿಲ್ಲ.

ತೆರೆದ ಮನಸ್ಸು:
ಅದು ನಿಜಕ್ಕೂ ಬೇಜಾರಿನ ಸಂಗತಿ. ನಾನು ಬಿಗ್‌ಫೂಟ್ ಇದೆ ಅಂತ ಎಲ್ಲೂ ಹೇಳಿಲ್ಲ, ನೋಡಿ ಬೇಕಾದರೆ. ಇರಬಹುದು ಅಂದೆ.

ಬಸವನಗುಡಿ ಬಾಯ್:
ನಾನು ಹಿಡಿದ ಮೊಲಕ್ಕೆ ಮೂರು ಕಾಲು ಇರಬಹುದು.

ರೆಂಟನ್ ರಾಘು:
ಎಲ್ಲರಿಗೂ ಥ್ಯಾಂಕ್ಸ್. ಪದ್ಮಾ ಅವರು ಬರೆದಿದ್ದು ಓದಿ ಸೋಮವಾರ ಹೋಗಿ ಕ್ಷಮೆ ಕೇಳಿದೆ. ನಕ್ಕಿದ್ದು ತಪ್ಪು, ಕರಡಿ ಇರಬಹುದಾ ಅಂತ ಕೇಳಬೇಕಿತ್ತು ಅಂದೆ. ಅವರೂ ತಣ್ಣಗಾದರು. ಖುಷಿಯಲ್ಲಿ ಆ ಫೋಟೊವನ್ನು ದೊಡ್ಡ ಮಾನಿಟರಿಗೆ ಹಾಕಿ ತೋರಿಸಿದರು.

ಕರಡಿ ಅಲ್ಲ. ಅರ್ಧ ಸುಟ್ಟ ಮರದ ಬೊಡ್ಡೆ, ಮೇಲೆ ಪಾಚಿ. ನನಗೆ ಕಂಡಿದ್ದು ಅಷ್ಟು. ಅವರು ಬೆರಳಿಟ್ಟು ಇದು ಭುಜ, ಇದು ತಲೆ, ಇದು ತಿರುಗಿದ ಮುಖ ಅಂತ ವಿವರಿಸುತ್ತಿದ್ದರು. ನಾನು ಈ ಸಲ ಬಾಯಿ ಬಿಗಿ ಹಿಡಿದಿದ್ದೆ. ಹಿಂದೆ ನಿಂತಿದ್ದ ಹೊಸ ಹುಡುಗಿ ಕೇಳಿದಳು, "ಪಕ್ಕದಲ್ಲಿ ಕಾಣುತ್ತಿರುವುದು ನಿಮ್ಮದೇ ಟೆಂಟಾ?" ಹೌದು ಅಂದರು. ಇಬ್ಬರು ಮಲಗುವ ಟೆಂಟ್, ಸೊಂಟದೆತ್ತರ. ಆ ಎಂಟು ಅಡಿಯ ಪ್ರಾಣಿ ಟೆಂಟಿಗಿಂತ ಗಿಡ್ಡ ಇತ್ತು.

ಅವರು ಸುಮಾರು ಹೊತ್ತು ಮಾನಿಟರನ್ನೇ ನೋಡಿದರು. ಆಮೇಲೆ, "ಫೋಟೊ ತೆಗೆಯುವಾಗ ಅದು ಕೂತಿತ್ತು" ಅಂದರು.

ಗಂಡಸಿ ಗಣಪ:
ಕೂತಿತ್ತು!!! ದುಃಖ ಇತ್ತಲ್ಲ, ಪಾಪ.

ತೆರೆದ ಮನಸ್ಸು:
ಫೋಟೊ ಬೊಡ್ಡೆಯದು ಇರಬಹುದು. ವಾಸನೆ?

ಶಿರಸಿ ಮಾಣಿ:
ಮೂರು ದಿನದ ಕ್ಯಾಂಪಿಂಗ್, ಸ್ನಾನ ಇಲ್ಲ. ವಾಸನೆಗೆ ಬಿಗ್‌ಫೂಟ್ ಯಾಕೆ ಬೇಕು?

ರೆಂಟನ್ ರಾಘು:
ಜುಲೈಯಲ್ಲಿ ಅದೇ ಜಾಗಕ್ಕೆ ಕರೆದಿದ್ದಾರೆ, ಬೊಡ್ಡೆ ಇದೆಯೋ ಇಲ್ಲವೋ ನೀನೇ ನೋಡು ಅಂತ. ಇಲ್ಲದಿದ್ದರೆ ಅದು ಎದ್ದು ಹೋಗಿದೆ ಅಂತ ಲೆಕ್ಕವಂತೆ. ಹೊರಡುತ್ತಿದ್ದೇನೆ. ಮನೆಯವಳು ಪುಳಿಯೋಗರೆ ಕಟ್ಟಿಕೊಡುತ್ತೇನೆ ಅಂದಿದ್ದಾಳೆ.

ಪೋರ್ಟ್‌ಲ್ಯಾಂಡ್ ಪದ್ಮಾ:
ಪುಳಿಯೋಗರೆ ಟೆಂಟಿನ ಒಳಗೆ ಮಾತ್ರ ಇಟ್ಟುಕೊಳ್ಳಬೇಡಿ. ಕರಡಿಗೆ ತೆಗೆಯಲು ಬಾರದ ಗಟ್ಟಿ ಡಬ್ಬಿ ಬಾಡಿಗೆಗೆ ಸಿಗುತ್ತದೆ, ಅದರಲ್ಲಿ ಹಾಕಿ ನೂರು ಹೆಜ್ಜೆ ದೂರ ಇಡಿ. ಟೂತ್‌ಪೇಸ್ಟನ್ನೂ ಅದರಲ್ಲೇ ಹಾಕಿ.